ಮನೆಯ ಚಿತ್ರದರ್ಶನ: ಗ್ರಾಹ್ಯವಾದ ಪ್ರತಿ ಯಾವುದು?

ಕಾವ್ಯವೊಂದನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳಬೇಕೆಂದು ಹೊರಟ ಗೃಹಸ್ಥನು ಪುಸ್ತಕದ ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಕಾಗದದ ಬಿಳುಪನ್ನಲ್ಲ. ಸಂಪಾದಕರು ಯಾರು, ಯಾವ ಯಾವ ಓಲೆಯ ಪ್ರತಿಗಳನ್ನು ನೋಡಿ ಪಾಠವನ್ನು ನಿರ್ಣಯಿಸಿದ್ದಾರೆ, ಪದ್ಯಗಳೇನಾದರೂ ಬಿಟ್ಟುಹೋಗಿವೆಯೆ ಎಂದು ಕೇಳುತ್ತಾನೆ. ಅದೇ ಗೃಹಸ್ಥನು ಚಲಚ್ಚಿತ್ರವೊಂದನ್ನು ಮನೆಯಲ್ಲಿ ನೋಡಬೇಕೆಂದಾಗ ಮಾತ್ರ ಈ ವಿವೇಕವು ಹೊಸಲಿನಿಂದ ಆಚೆಗೇ ಉಳಿಯುತ್ತದೆ. ಟೆಲಿವಿಷನ್ ಎಷ್ಟು ಅಂಗುಲದ್ದು, ಚಿತ್ರವು ‘ಫೋರ್-ಕೆ’ಯೋ ಅಲ್ಲವೋ, ತಿಂಗಳ ಚಂದಾ ಎಷ್ಟು ಎಂಬಲ್ಲಿಗೆ ಪ್ರಶ್ನೆಗಳು ಮುಗಿಯುತ್ತವೆ. ಮನೆಗೆ ಬಂದದ್ದು ಯಾವ ಪ್ರತಿ, ಅದರಲ್ಲಿ ಉಳಿದಿರುವುದೇನು, ಹೋಗಿರುವುದೇನು ಎಂದು ಕೇಳುವವರು ವಿರಳ.

ವಿಡಿಯೋ ಕ್ಯಾಸೆಟ್ಟು, ವಿ.ಸಿ.ಡಿ., ಡಿ.ವಿ.ಡಿ., ಬ್ಲೂ-ರೇ, ಕಡೆಗೆ ಅಂತರ್ಜಾಲದ ಸ್ಟ್ರೀಮಿಂಗ್ ಎಂದು ಅರ್ಧ ಶತಮಾನದೊಳಗಾಗಿ ಇಷ್ಟು ರೂಪಗಳಲ್ಲಿ ಚಲಚ್ಚಿತ್ರವು ಗೃಹಪ್ರವೇಶ ಮಾಡಿದೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳತಕ್ಕದ್ದು ಎಂಬ ಪ್ರಶ್ನೆಗೆ ವ್ಯಾಪಾರಿಯು ಕೊಡುವ ಉತ್ತರ ಸುಲಭವಾದುದು: ಹೊಸದೇ ಮೇಲು, ಚುಕ್ಕಿಗಳು ಹೆಚ್ಚಿದ್ದಷ್ಟೂ ಮೇಲು. ಈ ಉತ್ತರವನ್ನು ಪೂರ್ತಿ ಸುಳ್ಳೆನ್ನಲಾಗದು. ಆದರೆ ವಿಚಾರದ ಕ್ರಮವನ್ನು ಅದು ತಲೆಕೆಳಗು ಮಾಡುತ್ತದೆ. ಕೃತಿಯು ಇಡಿಯಾಗಿದೆಯೆ, ತನ್ನ ಅಳತೆಯಲ್ಲಿಯೂ ತನ್ನ ಕಾಲಗತಿಯಲ್ಲಿಯೂ ಇದೆಯೆ, ಅನ್ಯರ ಕೈ ಅದರಲ್ಲಿ ಸೇರಿಲ್ಲವಷ್ಟೆ, ಮತ್ತೆ ಬೇಕೆಂದಾಗ ಕೈಗೆ ದೊರಕುವುದೆ ಎಂಬಿವನ್ನು ಮೊದಲು ನೋಡಿ, ಚುಕ್ಕಿಗಳ ಎಣಿಕೆಯನ್ನು ಕಡೆಗೆ ಇಟ್ಟುಕೊಳ್ಳಬೇಕು. ಹೀಗೆ ನೋಡಿದರೆ ಹದಿನೈದು ವರ್ಷದ ಹಿಂದಿನ ಅಗ್ಗದ ಡಿ.ವಿ.ಡಿ.ಯೊಂದು ಇಂದಿನ ಥಳಥಳಿಸುವ ಪ್ರತಿಗಿಂತ ಗ್ರಾಹ್ಯವಾಗುವ ಸಂದರ್ಭಗಳು ಬೇಕಾದಷ್ಟಿವೆ.

ನೋಡುವುದಕ್ಕೆ ಒಂದು ಪ್ರಮಾಣವುಂಟೆಂಬ ವಿಚಾರ ಹೊಸದಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಮನುಷ್ಯರಿಗೆ ತಕ್ಕ ನಾಟ್ಯಗೃಹಕ್ಕೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲವೆಂದು ಗೊತ್ತುಮಾಡಿ, ಇದಕ್ಕೆ ಮೀರಿ ಕಟ್ಟಬಾರದೆಂದು ವಿಧಿಸಿದ್ದಾನೆ. ಕಾರಣವನ್ನೂ ಹೇಳಿದ್ದಾನೆ: ಗೃಹವು ಮಿತಿಮೀರಿದರೆ ಪಾಠ್ಯವು ವಿಸ್ವರವಾಗುತ್ತದೆ, ನಟನ ಮುಖದ ಭಾವವೂ ದೃಷ್ಟಿಯೂ ಪ್ರೇಕ್ಷಕನಿಗೆ ವ್ಯಕ್ತವಾಗುವುದಿಲ್ಲ. ಆಚಾರ್ಯನ ಗಮನವೆಲ್ಲ ದನಿ, ಮುಖ ಈ ಎರಡರ ಮೇಲೆ. ಮಂಟಪದ ವೈಭವ ಅನಂತರದ ಮಾತು. ಮನೆಯ ನಡುಮನೆಯಲ್ಲಿ ಕುಳಿತು ಚಿತ್ರ ನೋಡುವವನಿಗೂ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಾಗಿಲ್ಲ.

ಮೊದಲು ಚೌಕಟ್ಟಿನ ಮಾತು. ಹಳೆಯ ಚಲಚ್ಚಿತ್ರಗಳ ಚೌಕಟ್ಟು ಎತ್ತರ ಒಂದಕ್ಕೆ ಅಗಲ ೧.೩೭ರಷ್ಟಿರುತ್ತಿದ್ದಿತು. ಸಿನೆಮಾಸ್ಕೋಪ್ ಬಂದ ಮೇಲೆ ಅಗಲವು ೨.೩೫ರವರೆಗೆ ಬೆಳೆಯಿತು. ಹಿಂದಿನ ಡಬ್ಬಿಯಾಕಾರದ ಟೆಲಿವಿಷನ್ನಿನಲ್ಲಿ ಅಗಲಕ್ಕೂ ಎತ್ತರಕ್ಕೂ ನಾಲ್ಕು ಮೂರರ ಸಂಬಂಧ. ಇಂದಿನದರಲ್ಲಿ ಹದಿನಾರು ಒಂಬತ್ತರದು. ಸಿನೆಮಾಸ್ಕೋಪ್ ಚಿತ್ರವನ್ನು ಹಳೆಯ ಟೆಲಿವಿಷನ್ನಿನ ತುಂಬ ಕಾಣುವಂತೆ ಮಾಡಬೇಕಾದರೆ ಇಕ್ಕೆಲಗಳಲ್ಲಿ ನೂರಕ್ಕೆ ೪೩ ಪಾಲನ್ನು ಕತ್ತರಿಸಬೇಕಾಗುತ್ತಿತ್ತು. ಕ್ಯಾಸೆಟ್ಟುಗಳ ಕಾಲದಲ್ಲಿ ಹಾಗೆಯೇ ಕತ್ತರಿಸಿದರು. ಎರಡು ಅಂಚುಗಳಲ್ಲಿ ನಿಂತು ಇಬ್ಬರು ಮಾತನಾಡುವ ದೃಶ್ಯದಲ್ಲಿ ಒಬ್ಬನ ಮುಖ ಮಾತ್ರ ಕಂಡು, ಇನ್ನೊಬ್ಬನದು ಅಶರೀರವಾಣಿಯಾಯಿತು. ಚಿತ್ರದ ಮೇಲೆಯೂ ಕೆಳಗೆಯೂ ಕಪ್ಪು ಪಟ್ಟಿಯನ್ನು ಬಿಟ್ಟು ಇಡಿಯ ಚೌಕಟ್ಟನ್ನು ಉಳಿಸಿಕೊಡುವ ಮಾರ್ಗವೊಂದು ಇದ್ದೇ ಇದ್ದಿತು. ಆದರೆ ಕೊಟ್ಟ ಹಣಕ್ಕೆ ಗಾಜಿನ ತುಂಬ ಚಿತ್ರ ಬರಲಿಲ್ಲವೆಂದು ಗಿರಾಕಿಗಳೇ ಗೊಣಗಿದರು.

ಈಗ ರೋಗವು ಅಡಿಮೇಲಾಗಿದೆ. ಟೆಲಿವಿಷನ್ ಅಗಲವಾಯಿತು, ಹಳೆಯ ಕಪ್ಪುಬಿಳುಪು ಚಿತ್ರ ಅದರಲ್ಲಿ ನಡುವೆ ನಿಂತು, ಎಡಬಲದಲ್ಲಿ ಕತ್ತಲೆ ಉಳಿಯುತ್ತದೆ. ಇದನ್ನು ಸಹಿಸಲಾರದೆ ಕೆಲವು ಪ್ರತಿಗಳಲ್ಲಿ ಮೇಲಿನದನ್ನೂ ಕೆಳಗಿನದನ್ನೂ ಸವರಿ ಎತ್ತರದ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲನ್ನು ಕಳೆಯುತ್ತಾರೆ. ತಲೆಯ ಮುಂಡಾಸವು ಹೋಗುತ್ತದೆ, ಕೈಮುದ್ರೆಯು ಹೋಗುತ್ತದೆ. ಮನೆಯವರು ತಮ್ಮ ಪಾಲಿನ ಅಪಚಾರವನ್ನೂ ಸೇರಿಸುವುದುಂಟು: ರಿಮೋಟಿನ ಗುಂಡಿಯೊತ್ತಿ ಚಿತ್ರವನ್ನು ಅಡ್ಡಡ್ಡಲಾಗಿ ಎಳೆದುಬಿಡುತ್ತಾರೆ. ಆಗ ಹರಿಶ್ಚಂದ್ರ ಚಂದ್ರಮತಿಯರು ಸ್ಮಶಾನದ ದುಃಖದಲ್ಲಿಯೂ ಔತಣದಿಂದ ಎದ್ದುಬಂದವರಂತೆ ದಷ್ಟಪುಷ್ಟರಾಗಿ ಕಾಣುತ್ತಾರೆ. ಶೋಕಸ್ಥಾಯಿಯಾದ ಕರುಣವು ಅಲ್ಲಿ ಹಾಸ್ಯಕ್ಕೆ ತಿರುಗಿದರೆ ನಿರ್ದೇಶಕ ಹುಣಸೂರು ಕೃಷ್ಣಮೂರ್ತಿಯವರ ತಪ್ಪೇನೂ ಅಲ್ಲ.

ರೂಪಗಳ ಚರಿತ್ರೆಯನ್ನು ವಿಸ್ತರಿಸುವ ಅಗತ್ಯವಿಲ್ಲ. ಸೋನಿಯವರ ಬೀಟಾಮ್ಯಾಕ್ಸ್ ೧೯೭೫ರಲ್ಲಿ ಬಂದಿತು, ಜೆ.ವಿ.ಸಿ.ಯವರ ವಿ.ಎಚ್.ಎಸ್. ೧೯೭೬ರಲ್ಲಿ. ಮೊದಲನೆಯದರ ಚಿತ್ರ ತುಸು ಮೇಲೆಂದು ಬಲ್ಲವರು ಹೇಳುತ್ತಿದ್ದರೂ ಆದಿಯಲ್ಲಿ ಅದರ ಸುರುಳಿ ಒಂದು ಗಂಟೆಗೇ ಮುಗಿಯುತ್ತಿತ್ತು. ಎರಡನೆಯದು ಎರಡು ಗಂಟೆ ನಡೆಯುತ್ತಿತ್ತು. ಅರ್ಧ ಚಿತ್ರಕ್ಕೆ ನಿಲ್ಲುವ ಚೆಲುವಿಗಿಂತ ಕೊನೆಯವರೆಗೆ ನಡೆಯುವ ಸಾಧಾರಣತೆಯನ್ನು ಜನ ಆರಿಸಿಕೊಂಡರು. ಆ ಆಯ್ಕೆಯಲ್ಲಿ ವಿವೇಕವಿತ್ತು. ಭಾರತದಲ್ಲಿ ೧೯೮೨ರ ಏಷ್ಯನ್ ಕ್ರೀಡೆಗಳ ಸಮಯದಲ್ಲಿ ಬಣ್ಣದ ಟೆಲಿವಿಷನ್ ಬಂದ ಮೇಲೆ ಕ್ಯಾಸೆಟ್ಟು ಹಬ್ಬಿತು. ಅದು ಓಡಿದಷ್ಟೂ ಸವೆಯುವ ವಸ್ತು. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ವಸ್ತು. ೨೦೧೬ರಲ್ಲಿ ಅದನ್ನು ನಡೆಸುವ ಯಂತ್ರದ ತಯಾರಿಕೆಯೂ ಜಗತ್ತಿನಲ್ಲಿ ನಿಂತುಹೋಯಿತು.

ವಿ.ಸಿ.ಡಿ.ಯ ವಿಷಯ ಬೇರೆ. ೧೯೯೩ರಲ್ಲಿ ಹುಟ್ಟಿದ ಈ ರೂಪಕ್ಕೆ ಪಶ್ಚಿಮ ದೇಶಗಳಲ್ಲಿ ಮನ್ನಣೆ ದೊರೆಯಲಿಲ್ಲ. ಏಷ್ಯಾ ಖಂಡದಲ್ಲಿ ಮನೆಮನೆಯನ್ನೂ ಹೊಕ್ಕಿತು. ಒಂದು ತಟ್ಟೆಗೆ ೭೪ ನಿಮಿಷ. ಆದ್ದರಿಂದ ಒಂದು ಕನ್ನಡ ಚಿತ್ರಕ್ಕೆ ಎರಡೋ ಮೂರೋ ತಟ್ಟೆ. ತಟ್ಟೆ ಮುಗಿಯುವುದು ಅಂಕ ಮುಗಿದಲ್ಲಿ ಅಲ್ಲ, ಜಾಗ ಮುಗಿದಲ್ಲಿ. ಮಾತು ಅರ್ಧದಲ್ಲಿರುವಾಗಲೇ ಮನೆಯ ಹುಡುಗನು ಎದ್ದು ತಟ್ಟೆ ಬದಲಾಯಿಸಬೇಕು. ಒಂದೊಂದು ಚಿತ್ರಪಟದಲ್ಲಿ ಅದಕ್ಕೆ ಸುಮಾರು ಒಂದು ಲಕ್ಷ ಚುಕ್ಕಿ, ಡಿ.ವಿ.ಡಿ.ಗೆ ನಾಲ್ಕು ಲಕ್ಷಕ್ಕೆ ಮೇಲೆ. ಬ್ಲೂ-ರೇಗೆ ಇಪ್ಪತ್ತು ಲಕ್ಷಕ್ಕೆ ಮೇಲೆ. ಫೋರ್-ಕೆ ತಟ್ಟೆಗೆ ೮೩ ಲಕ್ಷಕ್ಕೆ ಸಮೀಪ. ಒಂದು ಲಕ್ಷ ಚುಕ್ಕಿಯಲ್ಲಿ ಕಥೆ ತಿಳಿಯುತ್ತದೆ, ಹಾಡು ಕೇಳಿಸುತ್ತದೆ. ಹೊಗೆ, ನೆರಳು, ಇರುಳು, ದೂರದಲ್ಲಿ ನಿಂತವನ ಕಣ್ಣು ಇವು ಮಾತ್ರ ಚೌಕಚೌಕವಾದ ತೇಪೆಗಳಾಗಿಬಿಡುತ್ತವೆ.

೧೯೯೬ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಡಿ.ವಿ.ಡಿ.ಯಿಂದ ಮನೆಯ ಪ್ರತಿಗೆ ಒಂದು ಮಾನ ಬಂದಿತೆನ್ನಬೇಕು. ಇಡಿಯ ಚೌಕಟ್ಟನ್ನು ಕೊಡುವ ಪದ್ಧತಿ ಅದರೊಡನೆ ರೂಢಿಗೆ ಬಂದಿತು. ಆದರೆ ಸಂಗೀತ ಬಲ್ಲ ಮನೆಗಳವರು ಅದರಲ್ಲಿ ಒಂದು ದೋಷವನ್ನು ಗಮನಿಸಬೇಕು. ಚಲಚ್ಚಿತ್ರದ ಸುರುಳಿ ಓಡುವುದು ಸೆಕೆಂಡಿಗೆ ೨೪ ಚಿತ್ರಪಟಗಳಂತೆ. ಭಾರತದ ದೂರದರ್ಶನವು ಅನುಸರಿಸಿದ ಪ್ಯಾಲ್ ಪದ್ಧತಿಯಲ್ಲಿ ಸೆಕೆಂಡಿಗೆ ೨೫. ಆ ಪದ್ಧತಿಯ ತಟ್ಟೆಗಳಿಗೆ ಚಿತ್ರವನ್ನು ಇಳಿಸುವಾಗ ಸಾಮಾನ್ಯವಾಗಿ ಮಾಡುತ್ತಿದ್ದುದೇನೆಂದರೆ, ಸುರುಳಿಯನ್ನೇ ಅಷ್ಟು ಬೇಗ ಓಡಿಸಿಬಿಡುವುದು. ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮುಂಚಿತವಾಗಿ ಮುಗಿಯುತ್ತದೆ. ಅದು ಹೋಗಲಿ ಎನ್ನೋಣವೆಂದರೆ, ಶ್ರುತಿಯನ್ನು ಬೇರೆಯಾಗಿ ಸರಿಪಡಿಸದಿದ್ದಲ್ಲಿ, ದನಿಯೂ ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿಗೆ ಸಮೀಪವಾಗಿ ಏರಿರುತ್ತದೆ. ಅ. ನ. ಕೃಷ್ಣರಾಯರ ಕಾದಂಬರಿಯಿಂದ ಬಂದ ‘ಸಂಧ್ಯಾರಾಗ’ (೧೯೬೬) ಸಂಗೀತಗಾರನ ಕಥೆ. ಬಾಲಮುರಳಿಕೃಷ್ಣ, ಭೀಮಸೇನ ಜೋಶಿಯವರಂತಹ ವಿದ್ವಾಂಸರ ಕಂಠ ಅದರಲ್ಲಿ ಕೇಳಿಬರುತ್ತದೆ. ಅಂತಹ ಚಿತ್ರವನ್ನು ಶ್ರುತಿ ಏರಿಸಿ ಕೇಳುವುದೆಂದರೆ ವೀಣೆಯ ಮೆಟ್ಟುಗಳನ್ನು ಒಂದಿಷ್ಟು ಸರಿಸಿಟ್ಟು ನುಡಿಸಿದಂತೆ. ಅಮೆರಿಕದ ಎನ್.ಟಿ.ಎಸ್.ಸಿ. ಪದ್ಧತಿಯ ತಟ್ಟೆಗಳಲ್ಲಿ ಶ್ರುತಿ ಕೆಡುವುದಿಲ್ಲ. ಅಲ್ಲಿ ಕೆಲವು ಪಟಗಳನ್ನು ಮರುಕಳಿಸಿ ಎಣಿಕೆಯನ್ನು ತುಂಬಿಸುವುದರಿಂದ ಚಲನೆಯಲ್ಲಿ ಕೊಂಚ ತಡವರಿಕೆ ಕಾಣುತ್ತದೆ. ಭಾರತದಲ್ಲಿ ಎರಡು ಬಗೆಯ ತಟ್ಟೆಗಳೂ ಮಾರಾಟವಾಗಿವೆ. ಪೆಟ್ಟಿಗೆಯ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಓದಿಕೊಂಡರೆ ತಿಳಿಯುತ್ತದೆ.

೨೦೦೬ರಲ್ಲಿ ಬಂದ ಬ್ಲೂ-ರೇ ಈ ತೊಡಕಿನಿಂದ ಪಾರಾಯಿತು. ಅದು ೨೪ನ್ನು ೨೪ ಆಗಿಯೇ ಇಟ್ಟುಕೊಳ್ಳಬಲ್ಲುದು. ಚಿತ್ರವು ಚಿತ್ರಮಂದಿರದಲ್ಲಿ ನಡೆದ ವೇಗದಲ್ಲಿಯೇ, ಅದೇ ಶ್ರುತಿಯಲ್ಲಿಯೇ ಮನೆಯಲ್ಲಿ ನಡೆಯುವುದು ಆಗ ಸಾಧ್ಯವಾಯಿತು. ಚುಕ್ಕಿಗಳ ಹೆಚ್ಚಳಕ್ಕಿಂತ ಇದು ದೊಡ್ಡ ಲಾಭ. ೨೦೧೬ರಲ್ಲಿ ಬಂದ ಫೋರ್-ಕೆ ತಟ್ಟೆಯ ಹೆಚ್ಚುಗಾರಿಕೆ ಬೆಳಕು ನೆರಳುಗಳ ವಿಸ್ತಾರದಲ್ಲಿದೆ. ಬರಿಯ ಚುಕ್ಕಿಯ ಲೆಕ್ಕದಲ್ಲಿ ಅದರ ಲಾಭ ಎಲ್ಲ ಮನೆಗಳಿಗೂ ಇಲ್ಲ. ೪೩ ಅಂಗುಲದ ಟೆಲಿವಿಷನ್ನಿನಿಂದ ಆರಡಿಗೆ ಆಚೆ ಕುಳಿತವನ ಸಾಧಾರಣ ದೃಷ್ಟಿಗೆ ಬ್ಲೂ-ರೇಯ ಚುಕ್ಕಿಗಳೇ ಬಿಡಿಬಿಡಿಯಾಗಿ ಕಾಣಲಾರವು. ಕಾಣದ ಚುಕ್ಕಿಯನ್ನು ನಾಲ್ಕು ಭಾಗ ಮಾಡಿ ಮಾರುವವನಿಗೆ ಲಾಭವಿದೆ. ಹತ್ತಡಿ ದೂರದ ಒರಗುಕುರ್ಚಿಯಲ್ಲಿ ಕುಳಿತು ಕೊಳ್ಳುವವನಿಗೆ ಅಷ್ಟಾಗಿ ಇಲ್ಲ. ಹೊಸ ಟೆಲಿವಿಷನ್ನುಗಳಲ್ಲಿ ಎರಡು ಪಟಗಳ ನಡುವೆ ಇಲ್ಲದ ಪಟಗಳನ್ನು ತಾನೇ ಕಲ್ಪಿಸಿ ಸೇರಿಸುವ ಏರ್ಪಾಡೊಂದಿರುತ್ತದೆ. ಕ್ರಿಕೆಟ್ಟಿಗೆ ಅದು ಒಪ್ಪಬಹುದು, ಚಲಚ್ಚಿತ್ರಕ್ಕೆ ಸಲ್ಲದು. ಅದನ್ನು ನಿಲ್ಲಿಸುವುದಕ್ಕೆ ದುಡ್ಡು ಬೇಕಾಗಿಲ್ಲ.

ಇನ್ನು ಪ್ರಕ್ಷಿಪ್ತಗಳ ವಿಚಾರ. ಮೂಲದಲ್ಲಿಲ್ಲದ ಶ್ಲೋಕವನ್ನು ಲಿಪಿಕಾರನು ಸೇರಿಸಿದರೆ ಪಂಡಿತರು ಅದನ್ನು ಹುಡುಕಿ ತೆಗೆದು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಚಲಚ್ಚಿತ್ರದಲ್ಲಿ ಅದೇ ಕೆಲಸ ನಡೆದರೆ ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಸಾರುತ್ತಾರೆ! ೧೯೬೫ರ ‘ಸತ್ಯ ಹರಿಶ್ಚಂದ್ರ’ಕ್ಕೆ ೨೦೦೮ರಲ್ಲಿ ಬಣ್ಣ ಹಚ್ಚಿದರು, ದೊರೈ-ಭಗವಾನರ ‘ಕಸ್ತೂರಿ ನಿವಾಸ’ಕ್ಕೆ (೧೯೭೧) ೨೦೧೪ರಲ್ಲಿ ಹಚ್ಚಿದರು. ಹಚ್ಚಿದವರ ಉದ್ದೇಶ ಕೆಟ್ಟದ್ದಲ್ಲ. ಹೊಸ ತಲೆಮಾರಿನವರು ಚಿತ್ರಮಂದಿರಕ್ಕೆ ಬಂದು ರಾಜಕುಮಾರರನ್ನು ಕಂಡರೆಂಬುದೂ ದೊಡ್ಡ ಪ್ರಯೋಜನವೇ. ಆದರೂ ಮನೆಯಲ್ಲಿಟ್ಟುಕೊಳ್ಳತಕ್ಕ ಪ್ರತಿ ಇದಲ್ಲ. ಕನ್ನಡದಲ್ಲಿ ಪೂರ್ಣ ವರ್ಣಚಿತ್ರವಾದ ‘ಅಮರಶಿಲ್ಪಿ ಜಕಣಾಚಾರಿ’ ೧೯೬೪ರಲ್ಲಿಯೇ ಬಂದಿದ್ದಿತು. ಆಮೇಲೂ ಕಪ್ಪುಬಿಳುಪಿನಲ್ಲಿ ತೆಗೆದವರಿಗೆ ಹಣದ ಅಡಚಣೆಯೇ ಕಾರಣವಾಗಿದ್ದರೂ, ತೆಗೆಯುವಾಗ ದೀಪವನ್ನಿಟ್ಟದ್ದು, ಸೀರೆಯನ್ನಾರಿಸಿದ್ದು, ಮುಖಕ್ಕೆ ಬಣ್ಣ ಬಳಿದದ್ದು ಎಲ್ಲವೂ ಕಪ್ಪುಬಿಳುಪಿನ ಲೆಕ್ಕದಲ್ಲಿಯೇ. ಮಸಿಯಲ್ಲಿ ಬರೆದ ಚಿತ್ರಕ್ಕೆ ನಲವತ್ತು ವರ್ಷದ ಮೇಲೆ ಬೇರೊಬ್ಬನು ವರ್ಣ ತುಂಬಿದರೆ ಅದು ಟೀಕೆಯಾದೀತು, ಮೂಲವಾಗದು. ಟೀಕೆಯನ್ನು ಓದಬಾರದೆಂದಲ್ಲ, ಮೂಲದ ಜಾಗದಲ್ಲಿ ಅದು ಕುಳಿತುಕೊಳ್ಳಬಾರದು. ಒಂದೇ ಮಾರ್ಗದ ಹಳೆಯ ಧ್ವನಿಗೆ ಸುತ್ತಲೂ ಕೇಳುವಂತೆ ಹೊಸ ಗುಡುಗು ಸಿಡಿಲುಗಳನ್ನು ಜೋಡಿಸುವುದಕ್ಕೂ ಈ ಮಾತು ಸಲ್ಲುತ್ತದೆ. ಮಾರಾಟಗಾರನ ಲಾಂಛನವನ್ನು ಚಿತ್ರದ ಮೂಲೆಯಲ್ಲಿ ಆದಿಯಿಂದ ಅಂತ್ಯದವರೆಗೆ ಅಂಟಿಸಿಡುವುದಂತೂ ಓಲೆಯ ಪ್ರತಿಯೊಂದು ಗರಿಯ ಮೇಲೂ ಅಂಗಡಿಯ ಮುದ್ರೆಯೊತ್ತಿದ ಹಾಗೆ.

ಇಂದು ಹೆಚ್ಚಿನ ಮನೆಗಳಲ್ಲಿ ಇರುವುದು ಸ್ಟ್ರೀಮಿಂಗ್ ಒಂದೇ. ಅದರ ಗುಣಗಳನ್ನು ಅಲ್ಲಗಳೆಯಲಾಗದು. ಅಂಗಡಿಗೆ ಹೋಗಬೇಕಾಗಿಲ್ಲ, ತಟ್ಟೆ ಗೀಚುವ ಭಯವಿಲ್ಲ, ತಾಲ್ಲೂಕಿನ ಊರಿನಲ್ಲಿ ಕುಳಿತವನಿಗೂ ಜಪಾನಿನ ಚಿತ್ರ ಎಟಕುತ್ತದೆ. ಹತ್ತು ಚಿತ್ರಗಳನ್ನು ನೋಡಿ ಒಂದನ್ನು ಮೆಚ್ಚಿಕೊಳ್ಳುವುದಕ್ಕೆ ಇದಕ್ಕಿಂತ ಅನುಕೂಲವಾದ ಸಾಧನ ಹಿಂದೆ ಇರಲಿಲ್ಲ. ದೋಷಗಳಲ್ಲಿ ಮೊದಲನೆಯದು ಸಣ್ಣದು: ಹೆಸರು ಒಂದೇ ಆದರೂ ಸರಕು ಒಂದೇ ಅಲ್ಲ. ೧೦೮೦ ಸಾಲಿನ ಚಿತ್ರಕ್ಕೆ ಸ್ಟ್ರೀಮಿಂಗಿನಲ್ಲಿ ಸೆಕೆಂಡಿಗೆ ಐದು ಮೆಗಾಬಿಟ್ಟಿನ ಸುಮಾರು ಸಾಕೆನ್ನುತ್ತಾರೆ. ಬ್ಲೂ-ರೇ ತಟ್ಟೆಯಲ್ಲಿ ಚಿತ್ರಕ್ಕೇ ನಲವತ್ತರವರೆಗೆ ಅವಕಾಶವಿದೆ. ಹೊಸ ಸಂಕ್ಷೇಪವಿಧಾನಗಳು ಹೆಚ್ಚು ಜಾಣತನದವು, ನಿಜ. ಆದರೂ ಮಳೆ, ಮಂಜು, ಕತ್ತಲೆಗಳಲ್ಲಿ ಆ ಜಾಣತನದ ಬಣ್ಣ ಬಯಲಾಗುತ್ತದೆ.

ಎರಡನೆಯ ದೋಷ ಸಣ್ಣದಲ್ಲ. ಚಂದಾ ಕೊಟ್ಟವನ ಮನೆಯಲ್ಲಿ ಏನೂ ಇರುವುದಿಲ್ಲ. ಕಂಪೆನಿಗೂ ನಿರ್ಮಾಪಕನಿಗೂ ಆದ ಕರಾರು ಮುಗಿದ ದಿನ ಚಿತ್ರವು ಕಾಣೆಯಾಗುತ್ತದೆ. ಒಂದು ಪ್ರತಿಯ ಬದಲಿಗೆ ಇನ್ನೊಂದನ್ನು, ಇಡಿಯದರ ಬದಲಿಗೆ ಸವರಿದ್ದನ್ನು ಇಟ್ಟರೂ ನೋಡುವವನಿಗೆ ತಿಳಿಯದು. ‘ಕೊಂಡುಕೊಳ್ಳಿ’ ಎಂಬ ಗುಂಡಿಯೊತ್ತಿ ಪೂರ್ತಿ ಬೆಲೆ ತೆತ್ತವನಿಗೂ ದೊರೆಯುವುದು ನೋಡುವ ಅನುಮತಿ ಮಾತ್ರ. ಇದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವು ಕಾನೂನನ್ನೇ ಮಾಡಬೇಕಾಯಿತು. ಅದು ೨೦೨೫ರ ಜನವರಿಯಿಂದ ಜಾರಿಗೆ ಬಂದಿತು. ಗ್ರಂಥಲೋಕದಲ್ಲಿ ಇದರ ಮುನ್ಸೂಚನೆ ಮೊದಲೇ ಕಂಡಿತ್ತು. ೨೦೦೯ರಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಕಿಂಡಲ್ ಯಂತ್ರಗಳಲ್ಲಿ ಜನರು ಕೊಂಡಿದ್ದ ಪುಸ್ತಕಗಳ ಕೆಲವು ಪ್ರತಿಗಳನ್ನು ಹಕ್ಕಿನ ತಕರಾರಿನಿಂದಾಗಿ ಹೇಳದೆ ಕೇಳದೆ ಅಳಿಸಿಹಾಕಿತು. ಅಳಿಸಿದ ಪುಸ್ತಕಗಳಲ್ಲಿ ಜಾರ್ಜ್ ಆರ್ವೆಲ್ಲನ ‘೧೯೮೪’ ಸೇರಿದ್ದಿತೆಂಬುದು ವಿಧಿಯ ವಿನೋದ.

ಕೃತಿಗಳ ಆಯುಸ್ಸು ಎಷ್ಟೋ ಸಲ ಒಬ್ಬ ಗೃಹಸ್ಥನ ಅಟ್ಟವನ್ನೇ ಅವಲಂಬಿಸಿರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ಹೆಸರು ಮಾತ್ರ ಉಳಿದು ಗ್ರಂಥ ಹೋಯಿತೆಂದು ಎಲ್ಲರೂ ಭಾವಿಸಿದ್ದಾಗ, ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟ ಓಲೆಯ ಕಟ್ಟಿನಿಂದ ಅದು ಮರಳಿ ಬಂದಿತು, ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಕನ್ನಡದ ಮೊದಲ ಮಾತಿನ ಚಿತ್ರವಾದ ‘ಸತಿ ಸುಲೋಚನ’ (೧೯೩೪) ಅಷ್ಟು ಪುಣ್ಯ ಮಾಡಿರಲಿಲ್ಲ. ಸಾವಿರಾರು ವರ್ಷದ ಹಿಂದಿನ ಗ್ರಂಥ ಸಿಕ್ಕಿತು. ತೊಂಬತ್ತು ವರ್ಷದ ಹಿಂದಿನ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (೧೯೭೭) ಅದೃಷ್ಟ ಒಳ್ಳೆಯದು. ಯು. ಆರ್. ಅನಂತಮೂರ್ತಿಯವರ ಕಥೆ, ಉಡುಪರ ವೇದಪಾಠಶಾಲೆ, ಅಲ್ಲಿಗೆ ಬಂದ ಹುಡುಗ ನಾಣಿ, ಬಾಲವಿಧವೆ ಯಮುನಕ್ಕ. ಮಾತು ಕಡಿಮೆ, ಹುಡುಗನ ಮುಖದಲ್ಲಿ ನಡೆಯುವ ಚಿತ್ರ ಅದು. ಎಸ್. ರಾಮಚಂದ್ರರು ಕಪ್ಪುಬಿಳುಪಿನಲ್ಲಿ ತೆಗೆದ ಮಲೆನಾಡಿನ ಇರುಳು, ಬಿ. ವಿ. ಕಾರಂತರು ಅಳೆದು ತೂಗಿ ಇಟ್ಟ ಧ್ವನಿಗಳು ಇವೇ ಅದರ ವಿಭಾವಾನುಭಾವಗಳು. ಹುಡುಗನು ಕಂಡದ್ದು ಕತ್ತಲೆಯಲ್ಲಿ ಕರಗಿಹೋದರೆ ಪ್ರೇಕ್ಷಕನ ಪಾಲಿಗೆ ಉಳಿಯುವುದು ಕಥಾಸಾರಾಂಶ ಮಾತ್ರ. ‘ಕಥೆ ತಿಳಿದರೆ ಸಾಲದೆ?’ ಎನ್ನುವವರು ಅನಂತಮೂರ್ತಿಯವರ ಪುಸ್ತಕವನ್ನು ಓದಿಕೊಳ್ಳಬಹುದು. ಅದಕ್ಕೆ ಟೆಲಿವಿಷನ್ ಬೇಡ. ಮಸಕು ಪ್ರತಿಗಳಲ್ಲಿಯೇ ಬಹು ಮಂದಿ ಕಂಡಿದ್ದ ಈ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಸಂಸ್ಥೆಗಳು, ಪುಣೆಯ ರಾಷ್ಟ್ರೀಯ ಚಿತ್ರಸಂಗ್ರಹಾಲಯದ ಮತ್ತು ನಿರ್ದೇಶಕರ ಸಹಕಾರದಿಂದ ಜೀರ್ಣೋದ್ಧಾರ ಮಾಡಿ, ೨೦೨೪ರಲ್ಲಿ ವೆನಿಸ್ಸಿನ ಚಿತ್ರೋತ್ಸವದಲ್ಲಿ ತೋರಿಸಿದವು. ಬಣ್ಣ ಹಚ್ಚಲಿಲ್ಲ, ಅಗಲಿಸಲಿಲ್ಲ. ಧೂಳು, ಗೀರು, ಕಂಪನಗಳನ್ನು ತೆಗೆದು ಇದ್ದುದನ್ನು ಇದ್ದ ಹಾಗೆ ಕಾಣಿಸಿದರು. ಇದೇ ಸಂಪಾದನಕಾರ್ಯ. ಫೋರ್-ಕೆ ಎಂಬ ಹೆಸರಿಗೆ ಮಾನ ಬರುವುದು ಇಂತಹ ಕೆಲಸದಿಂದ. ಕ್ಯಾಸೆಟ್ಟಿನಿಂದ ಇಳಿಸಿದ ಮಸಕು ಪ್ರತಿಯನ್ನು ಯಂತ್ರದಿಂದ ಹಿಗ್ಗಿಸಿ ಅದೇ ಹೆಸರು ಕೊಟ್ಟರೆ ಸುಣ್ಣದ ನೀರಿಗೆ ಹಾಲಿನ ಹೆಸರಿಟ್ಟಂತಾಗುತ್ತದೆ.

ಎಲ್ಲ ಚಿತ್ರಗಳಿಗೂ ಈ ಭಾಗ್ಯ ಬರಲಾರದಷ್ಟೆ. ಹಳೆಯ ಕನ್ನಡ ಚಿತ್ರಗಳಲ್ಲಿ ಬ್ಲೂ-ರೇ ರೂಪ ಕಂಡವು ತೀರ ವಿರಳ. ಆದ್ದರಿಂದ ಕನ್ನಡದ ಮನೆಗೆ ಆಯ್ಕೆಯ ಪ್ರಶ್ನೆ ಬರುವುದು ಬಹುಮಟ್ಟಿಗೆ ಡಿ.ವಿ.ಡಿ., ವಿ.ಸಿ.ಡಿ., ಸ್ಟ್ರೀಮಿಂಗುಗಳ ನಡುವೆಯೇ. ಮೋಸರ್ ಬೇರ್ ಎಂಬ ಸಂಸ್ಥೆಯು ೨೦೦೭ರ ಸುಮಾರಿಗೆ ವಿ.ಸಿ.ಡಿ.ಯನ್ನು ೨೮ ರೂಪಾಯಿಗೂ ಡಿ.ವಿ.ಡಿ.ಯನ್ನು ೩೪ ರೂಪಾಯಿಗೂ ಮಾರತೊಡಗಿದಾಗ ದಿನಸಿ ಅಂಗಡಿಯಲ್ಲಿಯೂ ಚಲಚ್ಚಿತ್ರ ದೊರೆಯುವಂತಾಯಿತು; ೨೦೧೮ರಲ್ಲಿ ಆ ಸಂಸ್ಥೆಯ ಸಮಾಪನಕ್ಕೆ ಆಜ್ಞೆಯಾಯಿತು. ಆಗ ಕೊಂಡ ತಟ್ಟೆಗಳು ಮಾತ್ರ ಇನ್ನೂ ಎಷ್ಟೋ ಕಪಾಟುಗಳಲ್ಲಿವೆ. ಇವುಗಳಲ್ಲಿ ಒಂದು ತಟ್ಟೆಗೆ ಒಂದೇ ಚಿತ್ರವಿರುವುದನ್ನು ಆರಿಸಿಕೊಳ್ಳಬೇಕು. ಮೂರು ಚಿತ್ರಗಳನ್ನು ಒಂದೇ ಡಿ.ವಿ.ಡಿ.ಯಲ್ಲಿ ತುಂಬಿದಲ್ಲಿ ಮೂರೂ ಸೊರಗಿರುತ್ತವೆ. ಬರಿಯ ಹಾಡುಗಳನ್ನೋ ಬರಿಯ ಹಾಸ್ಯವನ್ನೋ ಆರಿಸಿ ತುಂಬಿದ ತಟ್ಟೆಯು ಸುಭಾಷಿತಸಂಗ್ರಹವಿದ್ದಂತೆ. ಅದನ್ನು ಕಾವ್ಯವೆಂದು ಎಣಿಸಬಾರದು. ಅಂಗಡಿಯ ಅಚ್ಚಿನ ತಟ್ಟೆಯು ಮನೆಯ ಕಂಪ್ಯೂಟರಿನಲ್ಲಿ ಬರೆದುಕೊಂಡ ತಟ್ಟೆಗಿಂತ ಹೆಚ್ಚು ಕಾಲ ಬಾಳುತ್ತದೆ. ಎರಡನ್ನೂ ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿಡಬೇಕು.

ಪರದೇಶದ ಚಿತ್ರಗಳನ್ನು ಬ್ಲೂ-ರೇಯಲ್ಲಿ ತರಿಸುವವರು ಪ್ರಾಂತಸಂಕೇತವನ್ನು ನೋಡಿಕೊಳ್ಳಬೇಕು. ಭಾರತಕ್ಕೆ ಸಿ ಎಂಬ ಅಕ್ಷರ, ಡಿ.ವಿ.ಡಿ.ಗೆ ಆದರೆ ೫ ಎಂಬ ಅಂಕೆ. ಎ ಅಥವಾ ೧ ಎಂದಿರುವ ಅಮೆರಿಕದ ತಟ್ಟೆ ಇಲ್ಲಿನ ಯಂತ್ರದಲ್ಲಿ ಮೊಂಡು ಹಿಡಿಯಬಹುದು. ಫೋರ್-ಕೆ ತಟ್ಟೆಗಳಿಗೆ ಮಾತ್ರ ಈ ನಿರ್ಬಂಧವಿಲ್ಲ. ಮತ್ತೊಂದು ಸಂಗತಿ: ತಟ್ಟೆಗಳಿಗಿಂತ ಬೇಗ ಮಾಯವಾಗುತ್ತಿರುವುದು ಅವನ್ನು ನಡೆಸುವ ಯಂತ್ರಗಳು. ಎಲ್.ಜಿ. ಸಂಸ್ಥೆ ೨೦೨೪ರಲ್ಲಿ ಬ್ಲೂ-ರೇ ಯಂತ್ರಗಳ ವ್ಯಾಪಾರದಿಂದ ಹಿಂದೆಗೆಯಿತು. ಅಮೆರಿಕದಲ್ಲಿ ಅಂಚೆಯ ಮೂಲಕ ತಟ್ಟೆ ಕಳುಹಿಸುವುದರಿಂದಲೇ ಬಾಳನ್ನಾರಂಭಿಸಿದ ನೆಟ್‌ಫ್ಲಿಕ್ಸ್ ಸಂಸ್ಥೆ ಆ ಕೆಲಸವನ್ನು ೨೦೨೩ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಬ್ಲೂ-ರೇ ಯಂತ್ರವೊಂದು ಮನೆಯಲ್ಲಿದ್ದರೆ ಡಿ.ವಿ.ಡಿ.ಯೂ ಅದರಲ್ಲಿ ನಡೆಯುತ್ತದೆ, ಹಲವು ಯಂತ್ರಗಳಲ್ಲಿ ವಿ.ಸಿ.ಡಿ.ಯೂ. ಪ್ರತಿ ಮನೆಯವರೂ ಕೊಳ್ಳಲಾರದಿದ್ದರೆ ಊರಿನ ವಾಚನಾಲಯದಲ್ಲಿ ಒಂದು ಇದ್ದರೂ ಸಾಕು. ಹಬ್ಬಕ್ಕೆ ಮನೆ ಗುಡಿಸುವಾಗ ಹಳೆಯ ತಟ್ಟೆಗಳನ್ನು ಗುಜರಿಯವನ ಚೀಲಕ್ಕೆ ಹಾಕುವ ಮುನ್ನ, ಆ ಚಿತ್ರವು ಇಡಿಯಾಗಿ, ಬಣ್ಣ ಹಚ್ಚದೆ, ಸವರದೆ ಬೇರೆ ಯಾವ ರೂಪದಲ್ಲಾದರೂ ದೊರೆಯುತ್ತಿದೆಯೆ ಎಂದು ಒಮ್ಮೆ ಹುಡುಕಿ ನೋಡಬೇಕು. ದೊರೆಯದಿದ್ದರೆ ಆ ತಟ್ಟೆಯ ಮೇಲೆ ಚಿತ್ರದ ಹೆಸರನ್ನೂ ವರ್ಷವನ್ನೂ ಬರೆದ ಚೀಟಿಯನ್ನು ಪೆಟ್ಟಿಗೆಯೊಳಗಿಟ್ಟು ವಾಚನಾಲಯಕ್ಕೆ ತಲಪಿಸಬಹುದು.